ಅತ್ತೆಯವರೂ ನನ್ನ ಬ್ರೇಕಿನ ಕರೆಂಟೂ

ಕರೆಂಟಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ತಿಪಟೂರಿನಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಸ್ವಿಚ್ಚು, ವೈರು, ಬಲ್ಬು, ತೋಟದ ಮೋಟರಿನ ಸ್ಟಾರ್ಟರು ಎಲ್ಲವೂ ಸಿಗುತ್ತವೆ. ಸಾಮಾನು ಕೊಂಡವರಿಗೆ ಸಲಹೆ ಉಚಿತ. ಕೊಳ್ಳದೆ ಸುಮ್ಮನೆ ನಿಂತವರಿಗೆ ಇನ್ನೂ ಹೆಚ್ಚು ಸಲಹೆ. ಹೀಗಿರುವಾಗ ಒಂದು ಹೈಬ್ರಿಡ್ ಕಾರನ್ನು ಅರ್ಥ ಮಾಡಿಕೊಳ್ಳುವುದು ನನಗೇನು ಮಹಾ ಕೆಲಸ?

ಕಾರು ತರಲು ಹೋದ ದಿನ ಶೋರೂಮಿನ ಹುಡುಗ ಬಹಳ ಚೆನ್ನಾಗಿ ವಿವರಿಸಿದ. "ಮಾಮೂಲಿ ಕಾರಲ್ಲಿ ಬ್ರೇಕ್ ಒತ್ತಿದ್ರೆ ಅಷ್ಟು ವೇಗವೂ ಬಿಸಿಯಾಗಿ ಹಾಳಾಗಿ ಹೋಗುತ್ತೆ ಸಾರ್. ಇದರಲ್ಲಿ ಹಾಗಲ್ಲ. ಗಾಡಿ ನಿಧಾನ ಆಗುವಾಗ ಮೋಟರ್ರೇ ಚಕ್ರಾನ ಹಿಡಿದು ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತೆ. ಆಮೇಲೆ ಅದೇ ಕರೆಂಟಲ್ಲಿ ಗಾಡಿ ಓಡುತ್ತೆ. ಇದಕ್ಕೆ ರೀಜನರೇಟಿವ್ ಬ್ರೇಕಿಂಗ್ ಅಂತಾರೆ."

ಈ ಮಾತು ನೇರವಾಗಿ ನನ್ನ ಎದೆಗೆ ಹೋಗಿ ಕೂತಿತು. ಅದಕ್ಕೆ ಕಾರಣವಿದೆ. ನಾವು ತೆಂಗಿನ ಸೀಮೆಯವರು. ನಮ್ಮ ಮನೆಗಳಲ್ಲಿ ಕಾಯಿಯ ಯಾವ ಭಾಗವನ್ನೂ ಬಿಸಾಡಿ ಅಭ್ಯಾಸವಿಲ್ಲ. ಮಟ್ಟೆ ನೀರೊಲೆಗೆ, ನಾರು ಹಗ್ಗಕ್ಕೆ, ಚಿಪ್ಪು ಇದ್ದಿಲಿಗೆ, ಗರಿ ಚಪ್ಪರಕ್ಕೆ, ಗರಿಯ ಕಡ್ಡಿ ಪೊರಕೆಗೆ. ಪೂಜೆಗೆ ಒಡೆದ ಕಾಯಿಯ ನೀರು ನೆಲಕ್ಕೆ ಬಿದ್ದರೆ ನಮ್ಮಜ್ಜಿ ಆ ದಿನವೆಲ್ಲ ಗೊಣಗುತ್ತಿದ್ದಳು. ಅಂಥ ಅಜ್ಜಿಯ ಮೊಮ್ಮಗನಾದ ನಾನು ಇಷ್ಟು ವರ್ಷ ಹಳೆಯ ಕಾರಿನಲ್ಲಿ ಒತ್ತಿದ ಬ್ರೇಕೆಲ್ಲ ವ್ಯರ್ಥವಾಗಿ ಗಾಳಿಗೆ ಹೋಯಿತಲ್ಲ ಎಂದು ನೆನೆದು ಅಲ್ಲೇ ಹೊಟ್ಟೆ ಉರಿದುಕೊಂಡೆ.

ಗೇರಿನಲ್ಲಿ ಮುಂದಕ್ಕೆ ಹೋಗಲು ಎರಡು ಮನೆ ಇದ್ದವು. ಒಂದು ಡಿ, ಇನ್ನೊಂದು ಬಿ. ಡಿ ಹಾಕಿದರೆ ಎಲ್ಲ ಕಾರುಗಳಂತೆ ಓಟ. ಬಿ ಹಾಕಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದ ಹಾಗೆ ಗಾಡಿ ನಿಧಾನವಾಗುತ್ತದೆ, ಮುಂದಿನ ಪರದೆಯ ಮೇಲೆ ಚಕ್ರದಿಂದ ಬ್ಯಾಟರಿಯ ಕಡೆಗೆ ಒಂದು ಹಸಿರು ಬಾಣ ಓಡುತ್ತದೆ. ಆಹಾ, ಆ ಬಾಣ! ಹುಡುಗ ಇನ್ನೂ ಏನೋ ಹೇಳುತ್ತಿದ್ದ. ಅಷ್ಟರಲ್ಲಿ ಕಾಲಡಿಯ ಮ್ಯಾಟಿಗೆ ಬೇರೆ ದುಡ್ಡು ಎಂಬ ಸುದ್ದಿ ಕಿವಿಗೆ ಬಿದ್ದು, ನಾನು ಮ್ಯಾನೇಜರ ಬಳಿ ನ್ಯಾಯ ಕೇಳಲು ಎದ್ದು ಹೋದೆ. ನನ್ನ ಹೆಂಡತಿ ಗಿರಿಜಾ ಕಾರಿನಲ್ಲೇ ಕೂತು ಹುಡುಗನ ಮಾತಿಗೆ ತಲೆಯಾಡಿಸುತ್ತಿದ್ದಳು. ಪಾಪ, ಅವಳಿಗೇನು ತಿಳಿಯುತ್ತದೆ ಎಂದುಕೊಂಡೆ.

ಅಂದಿನಿಂದ ನಾನು ಡಿ ಕಡೆ ತಿರುಗಿಯೂ ನೋಡಲಿಲ್ಲ. ಮನೆಯಿಂದ ಹೊರಟರೆ ಬಿ, ಅಂಗಡಿಗೆ ಬಿ, ತೋಟಕ್ಕೂ ಬಿ. ನಮ್ಮ ಕಡೆ ರಸ್ತೆಗಳಲ್ಲಿ ಹಂಪುಗಳಿಗೇನು ಬರವಿಲ್ಲ. ಎಲ್ಲರೂ ಹಂಪು ಕಂಡರೆ ಶಾಪ ಹಾಕುತ್ತಾರೆ. ಇಡೀ ತಾಲ್ಲೂಕಿನಲ್ಲಿ ಹಂಪು ಕಂಡು ಹಿಗ್ಗುವ ಏಕೈಕ ಪ್ರಜೆ ನಾನಾದೆ. ಪ್ರತಿ ಹಂಪೂ ನನಗೊಂದು ಫಸಲು.

ಪಕ್ಕದ ಮನೆಯ ಶಾಂತಣ್ಣ ಕೊಬ್ಬರಿ ವ್ಯಾಪಾರಿ. ಒಂದು ದಿನ ಅವನನ್ನು ಮಾರುಕಟ್ಟೆಯವರೆಗೆ ಕೂರಿಸಿಕೊಂಡು ಹೋದೆ. ಇಳಿದವನು ಕುತ್ತಿಗೆ ಉಜ್ಜಿಕೊಳ್ಳುತ್ತ, "ಅಲ್ಲ ಕಣ್ಲಾ, ಗಾಡಿ ಹೊಸದು ಅಂತೀಯ, ಮತ್ತೆ ಯಾಕಿಂಗೆ ಮುಗ್ಗರಿಸ್ತದೆ?" ಎಂದ.

"ಮುಗ್ಗರಿಸೋದಲ್ಲ ಕಣೋ ಅದು. ಕರೆಂಟ್ ಕೂಡಿಡ್ತಾ ಇದೆ."

"ಕೂಡಿಡ್ಲಿ ಬುಡು. ಬರೋವಾಗ ನಾನು ಆಟೋದಲ್ಲಿ ಬತ್ತೀನಿ."

ಇದು ಹೊಟ್ಟೆಕಿಚ್ಚಿನ ಮಾತೆಂದು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ನನ್ನ ಮಾನವೂ ಉಳಿಯುತ್ತಿತ್ತು.

ಈಗ ನನ್ನ ಅತ್ತೆಯವರ ಬಗ್ಗೆ ಹೇಳಬೇಕು. ನೊಣವಿನಕೆರೆಯಲ್ಲಿ ಮಗನ ಜೊತೆ ಇದ್ದಾರೆ. ಹಳೇ ಕಾಲದವರು. ನಮ್ಮ ಕಡೆ ಆ ಕಾಲದ ಅತ್ತೆಯಂದಿರು ಅಳಿಯನ ಎದುರು ಕೂರುವುದಿಲ್ಲ, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅದು ಮರ್ಯಾದೆ. ಮದುವೆಯಾಗಿ ಇಪ್ಪತ್ತು ಚಿಲ್ಲರೆ ವರ್ಷವಾದರೂ ಅತ್ತೆಯವರು ನನಗೆ ಹೇಳಬೇಕಾದ್ದನ್ನೆಲ್ಲ ಗಿರಿಜಾಳ ಮೂಲಕವೇ ಹೇಳುತ್ತಿದ್ದರು. ಅವಳು ಪಕ್ಕದಲ್ಲಿಲ್ಲದಿದ್ದರೆ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು. "ಅಳಿಯಂದ್ರು ಕಾಫಿ ಕುಡೀತಾರೋ ಏನೋ" ಎಂದು ಅವರು ಕಂಬವನ್ನು ಕೇಳುವುದು, "ಕುಡಿದರಾಯಿತು" ಎಂದು ನಾನು ಕಂಬಕ್ಕೆ ಉತ್ತರಿಸುವುದು. ಆ ಕಂಬಕ್ಕೆ ನಮ್ಮ ಸಂಸಾರದ ವಿಷಯ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು.

ಅತ್ತೆಯವರಿಗೆ ಇನ್ನೊಂದು ತೊಂದರೆ. ಯಾವ ವಾಹನವೂ ಅವರಿಗೆ ಆಗದು. ಬಸ್ಸು ಊರ ಬಾಗಿಲು ದಾಟುವುದರೊಳಗೆ ಹೊಟ್ಟೆ ತೊಳಸಲು ಶುರು. ಕಾರಾದರೆ ಬಾಗಿಲು ಹಾಕಿದ ಕೂಡಲೇ. ಹಾಗಾಗಿ ಬಂಧುಗಳ ಮದುವೆ, ನಾಮಕರಣ ಯಾವುದಕ್ಕೂ ಅವರು ಊರು ಬಿಟ್ಟು ಹೋಗುವುದನ್ನೇ ನಿಲ್ಲಿಸಿದ್ದರು. ಅವರ ಒಬ್ಬಳೇ ತಂಗಿ ಪುಟ್ಟಮ್ಮ ಇರುವುದು ಹುಳಿಯಾರಿನಲ್ಲಿ. ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು, ಬಹಳ ದಿನ ಹಾಸಿಗೆಯಲ್ಲಿದ್ದು, ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುವಂತಾಗಿದ್ದರು. ಇವರು ಹೋಗಲಾರರು, ಅವರು ಬರಲಾರರು. ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಆಗಿದ್ದವು. ದಿನಾ ಫೋನಿನಲ್ಲಿ ಮಾತು.

"ಅಕ್ಕ, ವಿಡಿಯೋದಲ್ಲಿ ಬರೀ ನಿನ್ನ ಹಣೆ ಕಾಣ್ತದೆ ಕಣೇ" ಎಂದು ಪುಟ್ಟಮ್ಮ ಒಂದು ದಿನ ಅತ್ತುಬಿಟ್ಟರಂತೆ. "ಒಂದ್ಸಲ ಬಂದು ಮಿಕ್ಕ ಮುಖಾನೂ ತೋರಿಸಿ ಹೋಗು."

ಗಿರಿಜಾ ಇದನ್ನು ಹೇಳಿದಾಗ ನನಗೂ ಕರುಳು ಚುರ್ ಎಂದಿತು. ಮಾರನೇ ದಿನವೇ ನೊಣವಿನಕೆರೆಗೆ ಹೋಗಿ ಕಂಬದ ಮುಂದೆ ನಿಂತು ಘೋಷಿಸಿದೆ. "ನನ್ನ ಕಾರಿನಲ್ಲಿ ಡೀಸೆಲ್ ವಾಸನೆ ಇಲ್ಲ. ಸದ್ದಿಲ್ಲ. ಅದುರುವುದಿಲ್ಲ. ಅತ್ತೆಯವರನ್ನು ನಾನು ಹೂವಿನ ಹಾಗೆ ಹುಳಿಯಾರಿಗೆ ಮುಟ್ಟಿಸುತ್ತೇನೆ."

ಅತ್ತೆಯವರು ಬಾಗಿಲ ಮರೆಯಲ್ಲೇ ನಿಂತು ಸೆರಗು ಸರಿಮಾಡಿಕೊಂಡರು. ಆಮೇಲೆ ಮಗಳಿಗೆ ಹೇಳಿದರು. "ಅಳಿಯಂದ್ರು ಅಷ್ಟು ಹೇಳ್ತಾರೆ ಅಂದ್ರೆ ಇದೊಂದು ಸಲ ನೋಡಾನ ಕಣಮ್ಮ. ಇದ್ರಲ್ಲೂ ಆಗ್ಲಿಲ್ಲ ಅಂದ್ರೆ ನಾನಿನ್ನು ಯಾವ ಗಾಡಿಗೂ ಕಾಲಿಡಲ್ಲ. ಪುಟ್ಟಿ ಮುಖ ನೋಡೋ ಆಸೇನೂ ಬುಟ್ಟುಬುಡ್ತೀನಿ."

ಹೀಗೆ ಇಬ್ಬರು ಮುದುಕಿಯರ ಆಸೆಯೆಲ್ಲ ನನ್ನ ಬಲಗಾಲಿನ ಮೇಲೆ ಬಂದು ಕೂತಿತು. ನನಗೆ ಕಿಂಚಿತ್ತೂ ಭಯವಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಹೊರಡುವ ದಿನ ಬೆಳಿಗ್ಗೆ ನಾನು ಡಿಕ್ಕಿಗೆ ಎರಡು ಮೂಟೆ ತೆಂಗಿನಕಾಯಿ ಹಾಕಿಸುತ್ತಿದ್ದುದನ್ನು ಗಿರಿಜಾ ನೋಡಿದಳು.

"ಹುಳಿಯಾರಿಗೆ ಕಾಯಿನಾ? ಚಿಕ್ಕಮ್ಮನ ಮನೆ ಅಟ್ಟದಲ್ಲಿ ಕಾಯಿ ಮಧ್ಯೆ ಕಾಲಿಡಕ್ಕೆ ಜಾಗ ಇಲ್ಲ ಕಣ್ರೀ."

"ಕಾಯಿ ಅವರಿಗಲ್ಲ ಕಣೇ. ಗಾಡಿಗೆ."

"ಗಾಡಿ ಕಾಯಿ ತಿನ್ತದಾ?"

ನಾನು ತಾಳ್ಮೆಯಿಂದ ವಿವರಿಸಿದೆ. ಗಾಡಿ ಎಷ್ಟು ಭಾರವೋ ಇಳಿಜಾರಿನಲ್ಲಿ ಅಷ್ಟು ಒತ್ತಡ. ಎಷ್ಟು ಒತ್ತಡವೋ ಮೋಟರಿಗೆ ಅಷ್ಟು ಕೆಲಸ. ಎಷ್ಟು ಕೆಲಸವೋ ಅಷ್ಟು ಕರೆಂಟು. ಇದು ವಿಜ್ಞಾನ.

"ಸರಿ, ಏರು ಹತ್ತೋವಾಗ?" ಎಂದಳು ಗಿರಿಜಾ.

ಅದು ಅಪ್ರಸ್ತುತ ಪ್ರಶ್ನೆಯೆಂದು ನಾನು ಉತ್ತರಿಸಲಿಲ್ಲ. ತಿಪಟೂರಿನಿಂದ ಹುಳಿಯಾರಿಗೆ ನೇರ ರಸ್ತೆ ಇರುವಾಗ ಚಿಕ್ಕನಾಯಕನಹಳ್ಳಿಯ ಮೇಲೆ ಸುತ್ತಿಕೊಂಡು ಹೋಗಲು ನಿರ್ಧರಿಸಿದ್ದನ್ನೂ ಅವಳಿಗೆ ಆಗಲೇ ಹೇಳಲಿಲ್ಲ. ನೇರ ರಸ್ತೆಯಲ್ಲಿ ಏನಿದೆ? ಬರೀ ಸಮ. ಗುಡ್ಡಗಳ ಕಡೆ ಸುತ್ತಿದರೆ ಇಳಿಜಾರುಗಳ ಸುಗ್ಗಿ!

ನೊಣವಿನಕೆರೆಯ ಮನೆ ಮುಂದೆ ಕಾರು ನಿಲ್ಲಿಸಿದಾಗ ಅತ್ತೆಯವರು ನಿಂಬೆಹಣ್ಣು, ಸೆರಗಿನ ತುದಿಯಲ್ಲಿ ಕಟ್ಟಿದ ಒಣಶುಂಠಿ ಮತ್ತು ಒಂದು ಕಟ್ಟು ಪ್ಲಾಸ್ಟಿಕ್ ಕವರುಗಳೊಂದಿಗೆ ಸಜ್ಜಾಗಿ ಬಂದರು. ಹೊಸ ಸೀರೆ ಉಟ್ಟಿದ್ದರು. ಅಳಿಯನ ಕಣ್ಣಿಗೆ ಬೀಳದ ಹಾಗೆ ನನ್ನ ಸೀಟಿನ ಹಿಂದೆಯೇ ಕೂತು, ಕಣ್ಣು ಮುಚ್ಚಿ, ನಿಂಬೆಹಣ್ಣು ಮೂಗಿಗೆ ಹಿಡಿದರು. ಗಿರಿಜಾ ಅವರ ಪಕ್ಕ ಕೂತಳು. ಮುಂದಿನ ಸೀಟಿನಲ್ಲಿ ಚಿಕ್ಕಮ್ಮನಿಗೆಂದು ಮಾಡಿದ ಕಜ್ಜಾಯದ ಡಬ್ಬಿ ಒಂದೇ ಗಂಭೀರವಾಗಿ ಕೂತಿತ್ತು. ನಾನು ಬಿ ಹಾಕಿದೆ.

ಊರು ದಾಟುವವರೆಗೆ ಎಲ್ಲ ಸುಸೂತ್ರ. ಮೊದಲ ಹಂಪು ಬಂತು. ಕಾಲು ತೆಗೆದೆ. ಗಾಡಿ ಗಕ್ಕನೆ ಹಿಡಿಯಿತು. ಹಸಿರು ಬಾಣ ಓಡಿತು. ಡಿಕ್ಕಿಯಲ್ಲಿ ಕಾಯಿಗಳು ಗುಡುಗುಡು ಎಂದವು.

"ಗಿರಿಜಾ" ಎಂದರು ಅತ್ತೆಯವರು, ಕಣ್ಣು ಮುಚ್ಚಿಕೊಂಡೇ. "ಗಾಡಿ ಯಾಕೋ ಜಗ್ತಾ ಐತೆ ಅಂತ ಅಳಿಯಂದ್ರಿಗೆ ಹೇಳು."

"ರೀ, ಗಾಡಿ ಜಗ್ತಾ ಐತಂತೆ."

"ಅದು ಜಗ್ಗೋದಲ್ಲ, ಕರೆಂಟ್ ತುಂಬ್ಕೊಳ್ಳೋದು ಅಂತ ನಿಮ್ಮವ್ವನಿಗೆ ಹೇಳು."

"ಅವ್ವ, ಕರೆಂಟಂತೆ."

ಈ ಅಂಚೆ ವ್ಯವಸ್ಥೆಯಲ್ಲಿ ಒಂದು ದೊಡ್ಡ ದೋಷವಿತ್ತು. ಒಂದು ಸಂದೇಶ ಹೋಗಿ ಉತ್ತರ ಬರುವುದರೊಳಗೆ ಇನ್ನೊಂದು ಹಂಪು ಬಂದಿರುತ್ತಿತ್ತು. ಹಂಪು ಇಲ್ಲದ ಕಡೆ ನಾನೇ ಸುಮ್ಮನೆ ಕಾಲು ತೆಗೆದು, ಒತ್ತಿ, ಮತ್ತೆ ತೆಗೆದು ಅಷ್ಟಿಷ್ಟು ಕರೆಂಟು ಸಂಪಾದಿಸುತ್ತಿದ್ದೆ. ಬ್ಯಾಟರಿಯ ಚಿತ್ರದಲ್ಲಿ ಗೆರೆಗಳು ಒಂದೊಂದೇ ಏರುತ್ತಿದ್ದವು. ನನಗೆ ರಸ್ತೆಗಿಂತ ಆ ಗೆರೆಗಳ ಮೇಲೆಯೇ ಕಣ್ಣು.

"ಗಿರಿಜಾ, ಅಟ್ಟದ ಕಾಯಿ ಒಳಗೆ ಕೊಬ್ಬರಿ ಅಲ್ಲಾಡ್ದಂಗೆ ಹೊಟ್ಟೆ ಒಳಗೆ ಎಲ್ಲಾ ಅಲ್ಲಾಡ್ತೈತೆ ಅಂತ ಹೇಳು."

"ಇನ್ನು ಸ್ವಲ್ಪ ದೂರ ಅಷ್ಟೇ ಅಂತ ಹೇಳು" ಎಂದೆ ನಾನು. ಹುಳಿಯಾರು ಇನ್ನೂ ಬಹಳ ದೂರವಿತ್ತು.

ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಹಿಂದಿನಿಂದ ಒಂದು ಟೆಂಪೊ ವಿಪರೀತ ಹಾರ್ನ್ ಹೊಡೆಯುತ್ತ ಬಂದು ನನ್ನ ಪಕ್ಕದಲ್ಲಿ ನಿಧಾನ ಮಾಡಿತು. ಚಾಲಕ ತಲೆ ಹೊರಗೆ ಹಾಕಿದ.

"ಏನ್ ಸ್ವಾಮಿ, ಗಾಡಿ ನಿಲ್ತದೆ, ಹಿಂದ್ಗಡೆ ಕೆಂಪು ಲೈಟೇ ಹತ್ತಲ್ಲ? ಈಗ ಒಳಗೆ ನುಗ್ತಿದ್ದೆ."

"ನಾನು ಬ್ರೇಕ್ ಒತ್ತಿಲ್ಲಪ್ಪ. ಇದು ರೀಜನರೇಟಿವ್ ಅಂತ. ಕಾಲು ತೆಗೆದರೆ ತಾನೇ ನಿಧಾನ ಆಗಿ..."

"ಅದೇನಾದ್ರೂ ಇರ್ಲಿ. ನಿಮ್ ಕಾಲಿನ ಸಮಾಚಾರ ಹಿಂದೆ ಬರೋರಿಗೂ ಒಸಿ ಗೊತ್ತಾಗಂಗೆ ಮಾಡ್ಕಳಿ" ಎಂದು ಹೇಳಿ ಹೋದ.

ಕನ್ನಡಿಯಲ್ಲಿ ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ಕೆಲವು ನೋಟಗಳಿಗೆ ಅಂಚೆಯವರು ಬೇಕಾಗಿಲ್ಲ.

ಅಷ್ಟರಲ್ಲಿ ನಾನು ಕಾಯುತ್ತಿದ್ದ ಗುಡ್ಡ ಬಂತು. ಏರು ಹತ್ತುವಾಗ ಎರಡು ಮೂಟೆ ಕಾಯಿಯ ಭಾರಕ್ಕೆ ಎಂಜಿನ್ನು ಏದುಸಿರು ಬಿಟ್ಟಿತು. ಇರಲಿ ಎಂದುಕೊಂಡೆ. ನೆತ್ತಿ ತಲುಪಿ ನೋಡಿದರೆ ಮುಂದೆ ಉದ್ದಕ್ಕೆ ಇಳಿಜಾರು. ನಾನು ಕಾಲು ಪೂರ್ತಿ ತೆಗೆದು, ಎದೆ ಉಬ್ಬಿಸಿ, ಹಸಿರು ಬಾಣದ ದರ್ಶನಕ್ಕೆ ಕೂತೆ. ಬಾಣ ಓಡಿತು. ಬ್ಯಾಟರಿಯ ಕೊನೆಯ ಗೆರೆಯೂ ತುಂಬಿತು. ಆಮೇಲೆ ಬಾಣ ನಿಂತಿತು. ಅದರ ಬದಲು ಎಂಜಿನ್ನು ಊಳಿಡಲು ಶುರುಮಾಡಿತು.

ಸದ್ದಿಲ್ಲದ ಕಾರು ಎಂದು ನಾನು ಹೊಗಳಿದ ಕಾರು ಅದು. ಹಿಟ್ಟಿನ ಗಿರಣಿಯನ್ನು ಬಾನೆಟ್ಟಿನೊಳಗೆ ಇಟ್ಟ ಹಾಗೆ ಅರಚುತ್ತಿತ್ತು. ನಾನು ಆಕ್ಸಿಲರೇಟರ್ ಮುಟ್ಟಿಯೇ ಇರಲಿಲ್ಲ. ಬ್ಯಾಟರಿ ಒಡೆಯುತ್ತದೆ ಎಂದುಕೊಂಡೆ. ಕರೆಂಟು ಜಾಸ್ತಿಯಾಗಿ ನಾವೆಲ್ಲ ಶಾಕ್ ಹೊಡೆಸಿಕೊಳ್ಳುತ್ತೇವೆ ಎಂದುಕೊಂಡೆ.

"ಗಿರಿಜಾ," ಎಂದಿತು ಹಿಂದಿನಿಂದ ಒಂದು ಕ್ಷೀಣ ಧ್ವನಿ. "ಅಳಿಯಂದ್ರಿಗೆ ಹೇಳು..."

ಆ ಸಂದೇಶ ಪೂರ್ತಿಯಾಗಲಿಲ್ಲ. ಕವರು ಬಿಚ್ಚುವಷ್ಟು ಸಮಯವೂ ಸಿಗಲಿಲ್ಲ. ಹೊಸ ಸೀರೆ, ಹೊಸ ಸೀಟು ಎರಡೂ ಹೋದವು.

ನಾನು ಗಾಬರಿಯಲ್ಲಿ ಬ್ರೇಕನ್ನು ಒದ್ದು ರಸ್ತೆಯ ಪಕ್ಕ ನಿಲ್ಲಿಸಿದೆ. ಗಿರಿಜಾ ಅವ್ವನನ್ನು ಇಳಿಸಿ ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂರಿಸಿದಳು. "ನೀರು ತನ್ನಿ, ಬೇಗ" ಎಂದಳು. ನೀರಿನ ಕ್ಯಾನು ಡಿಕ್ಕಿಯಲ್ಲಿತ್ತು. ಡಿಕ್ಕಿ ತೆಗೆದೆ.

ಜಗ್ಗಾಟಕ್ಕೆ ಎರಡೂ ಮೂಟೆಗಳ ಬಾಯಿ ಬಿಚ್ಚಿಹೋಗಿತ್ತು. ಬಾಗಿಲಿಗೆ ಒರಗಿ ಕಾಯುತ್ತಿದ್ದ ಕಾಯಿಗಳೆಲ್ಲ ಒಟ್ಟಿಗೆ ಹೊರಬಿದ್ದು ಇಳಿಜಾರಿನಲ್ಲಿ ಉರುಳತೊಡಗಿದವು. ಇಲ್ಲಿ ನಾನು ಸತ್ಯವನ್ನೇ ಹೇಳಬೇಕು. ಮರದ ಕೆಳಗೆ ಅತ್ತೆಯವರು ಬಸವಳಿದು ಕೂತಿದ್ದಾರೆ. ಹೆಂಡತಿ ನೀರು ಎಂದು ಕೂಗುತ್ತಿದ್ದಾಳೆ. ಅಳಿಯ ಕಾಯಿಗಳ ಹಿಂದೆ ಓಡುತ್ತಿದ್ದಾನೆ! ತೆಂಗಿನ ಸೀಮೆಯಲ್ಲಿ ಹುಟ್ಟಿದವನ ಕಾಲು, ಉರುಳುವ ಕಾಯಿ ಕಂಡರೆ ತಲೆಯನ್ನು ಕೇಳುವುದಿಲ್ಲ. ಕೆಳಗೆ ಕುರಿ ಮೇಯಿಸುತ್ತಿದ್ದವನೊಬ್ಬ ಕಂಬಳಿ ಸರಿಮಾಡಿಕೊಂಡು ಈ ದೃಶ್ಯವನ್ನು ನೋಡುತ್ತ ನಿಂತ. ಅವನ ಕುರಿಗಳೂ ನಿಂತವು.

ಸಿಕ್ಕಷ್ಟು ಕಾಯಿಗಳನ್ನು ಎದೆಗವಚಿಕೊಂಡು ಮೇಲೆ ಬರುವಷ್ಟರಲ್ಲಿ ಗಿರಿಜಾಳೇ ನೀರು ತೆಗೆದುಕೊಂಡು ಅವ್ವನ ಮುಖ ತೊಳೆಸಿ, ಸೀರೆ ಒರೆಸಿದ್ದಳು. ಅತ್ತೆಯವರು ಮರಕ್ಕೆ ಒರಗಿದ್ದರು. ಮುಖ ಬಿಳಿಚಿತ್ತು.

"ಪುಟ್ಟಿಗೆ ಫೋನ್ ಮಾಡು ಗಿರಿಜಾ" ಎಂದರು. "ಅಕ್ಕ ಅರ್ಧ ದಾರಿವರೆಗೆ ಬಂದಿದ್ಲು ಅಂತ ಹೇಳು. ಸಾಕು. ನಾನು ನಡ್ಕೊಂಡಾದ್ರೂ ವಾಪಸ್ ಹೋಗ್ತೀನಿ. ಇನ್ನು ಈ ಗಾಡಿ ಸಹವಾಸ ಬ್ಯಾಡ."

ಕಾಯಿಗಳು ನನ್ನ ಕೈಯಲ್ಲಿ ಭಾರವಾದವು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇಷ್ಟು ವರ್ಷ ಕಾದು, ಹೊಸ ಸೀರೆ ಉಟ್ಟು, ನನ್ನ ಮಾತು ನಂಬಿ ಬಂದ ಜೀವ ಅದು. ನಾನು ಅವರನ್ನು ಕೂರಿಸಿಕೊಂಡು ಬಾಣ ನೋಡುತ್ತಿದ್ದೆ.

ಗಿರಿಜಾ ನನ್ನ ಕಡೆ ತಿರುಗಿದಳು. "ಆ ಬಿ ಇಂದ ಕೈ ತೆಗೀರಿ ಇನ್ನು. ಅವತ್ತು ಶೋರೂಮಿನ ಹುಡುಗ ಬಿಡಿಸಿ ಬಿಡಿಸಿ ಹೇಳಿದ್ದ. ಬಿ ಇರೋದು ಉದ್ದದ ಇಳಿಜಾರಿಗೆ ಮಾತ್ರ. ಬ್ಯಾಟರಿ ತುಂಬಿದ ಮೇಲೆ ಎಂಜಿನ್ನೇ ಗಾಡೀನ ಹಿಡ್ಕೊಳ್ತದೆ, ಆಗ ಜೋರಾಗಿ ಸದ್ದು ಮಾಡ್ತದೆ, ಹೆದರ್ಬೇಡಿ ಅಂದಿದ್ದ. ಮಿಕ್ಕಿದ್ದಕ್ಕೆಲ್ಲ ಡಿ. ಡಿಯಲ್ಲೂ ಬ್ರೇಕನ್ನ ಮೆಲ್ಲಗೆ ಒತ್ತಿದ್ರೆ ಅದೇ ಕರೆಂಟ್ ಬತ್ತದಂತೆ."

"ಡಿಯಲ್ಲೂ ಬರುತ್ತಾ?"

"ಬತ್ತದೆ. ಸುಮ್ಮನೆ ಜಗ್ಗಾಡಿದ್ರೆ ಇನ್ನೂ ನಷ್ಟಾನೇ ಅಂತೆ."

"ಮತ್ತೆ ಇಷ್ಟು ದಿನ ಹೇಳಲೇ ಇಲ್ಲವಲ್ಲೇ ನೀನು?"

"ಕರೆಂಟ್ ವಿಷ್ಯ ನಿಮಗೆ ಹೇಳೋದಾ?" ಎಂದಳು.

ಮ್ಯಾಟಿನ ಜಗಳದಲ್ಲಿ ನಾನು ಗೆದ್ದಿದ್ದೆ. ಆ ಮ್ಯಾಟುಗಳ ಸ್ಥಿತಿ ಈಗ ಕಾರಿನೊಳಗೆ ನೋಡುವ ಹಾಗಿರಲಿಲ್ಲ.

ಅತ್ತೆಯವರು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರು. ತಲೆ ಎತ್ತಿ ಮಗಳನ್ನು ಕೇಳಿದರು. "ಹಂಗಂದ್ರೆ ಅಳಿಯಂದ್ರು ಎತ್ತಿನ ಹಗ್ಗ ಎಳ್ಕೊಂಡೇ ಗಾಡಿ ಹೊಡ್ದಂಗಾಯ್ತೇನಮ್ಮ?"

"ಹೂಂ ಕಣವ್ವ, ಹಂಗೇ."

"ಸಮದಾರೀಲಿ ಯಾರಾದ್ರೂ ಹಗ್ಗ ಎಳೀತಾರಾ? ಎತ್ತು ತಲೆ ಎತ್ಕೊಂಡು ಹೋಗ್ಲಿ ಅಂತ ಬುಡ್ಬೇಕು. ಇಳಿಜಾರು ಕಂಡಾಗ ಹಿಡೀಬೇಕು. ಅದೂ ಮುಂಚೇನೇ, ಮೆತ್ಗೆ. ನಮ್ಮಪ್ಪ ಸಂತೆಗೆ ಕಾಯಿ ಗಾಡಿ ಹೊಡ್ಕೊಂಡು ಬರೋವಾಗ ನಾನು ಮುಂದ್ಗಡೆ ಅವರ ಪಕ್ಕ ಕೂತಿರ್ತಿದ್ದೆ. ಗುಂಡಿ, ದಿಣ್ಣೆ ಎಲ್ಲಾ ನಾನೇ ಹೇಳ್ತಿದ್ದೆ. ಒಂದು ದಿನಾನೂ ಹೊಟ್ಟೆ ತೊಳಸ್ಲಿಲ್ಲ."

ಗಿರಿಜಾಳಿಗೆ ಏನು ಹೊಳೆಯಿತೋ, ಕಜ್ಜಾಯದ ಡಬ್ಬಿಯನ್ನು ಮುಂದಿನ ಸೀಟಿನಿಂದ ಎತ್ತಿ ಹಿಂದಕ್ಕಿಟ್ಟಳು. "ಅವ್ವ, ಇಲ್ಲಿ ಮುಂದೆ ಕೂತ್ಕೋ. ಕಣ್ಣು ಮುಚ್ಬೇಡ. ಎತ್ತಿನ ಗಾಡಿ ಮೇಲೆ ಕೂತಂಗೆ ರಸ್ತೆ ನೋಡ್ಕೊಂಡು ಬಾ."

"ಅಳಿಯಂದ್ರ ಪಕ್ಕದಲ್ಲಾ?" ಅತ್ತೆಯವರು ಬೆಚ್ಚಿಬಿದ್ದರು. "ನೋಡಿದ ಜನ ಏನಂತಾರೆ?"

"ಇಲ್ಲಿ ಯಾವ ಜನ ಅವ್ರೆ?"

ಕುರಿಯವನು ಇನ್ನೂ ನೋಡುತ್ತಲೇ ಇದ್ದ. ಮರ್ಯಾದಸ್ಥ, ಮುಖ ಆ ಕಡೆ ತಿರುಗಿಸಿದ. ಈಗ ಮಾತಾಡುವ ಸರದಿ ನನ್ನದು. ಸುತ್ತ ನೋಡಿದೆ. ಅಲ್ಲಿ ಕಂಬವಿರಲಿಲ್ಲ. ಹೊಂಗೆ ಮರಕ್ಕೆ ಕೈಮುಗಿದು ಹೇಳಿದೆ. "ಅತ್ತೆಯವರು ಮುಂದೆ ಕೂತರೆ ನನಗೇನೂ ಬೇಜಾರಿಲ್ಲ. ತಪ್ಪು ನನ್ನದು. ಚಿಕ್ಕತ್ತೆ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಇನ್ನೊಂದೇ ಒಂದು ಸಲ ನನ್ನನ್ನು ನಂಬಬೇಕು."

ಕೊನೆಗೆ ಅತ್ತೆಯವರು ಎದ್ದರು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಮುಖವನ್ನು ಎಡಗಡೆ ಕಿಟಕಿಗೆ ತಿರುಗಿಸಿ, ಮುಂದಿನ ಸೀಟಿನ ತುದಿಯಲ್ಲಿ ಅಂಟಿಯೂ ಅಂಟದಂತೆ ಕೂತರು.

ಮಿಕ್ಕ ಇಳಿಜಾರು ಮುಗಿಯುವವರೆಗೆ ಬಿ ಇಟ್ಟು ಮೆಲ್ಲಗೆ ಇಳಿದೆ. ಎಂಜಿನ್ನು ಕೂಗಿದರೆ ಕೂಗಲಿ, ಈಗ ಅದರ ಅರ್ಥ ಗೊತ್ತಿತ್ತು. ಸಮದಾರಿ ಬಂದ ಮೇಲೆ, ಕಾರು ಕೊಂಡ ಲಾಗಾಯ್ತಿನಿಂದ ಮೊದಲ ಸಲ, ಡಿ ಹಾಕಿದೆ. ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ಇಷ್ಟು ಸುಖವಾದ ಕಾರನ್ನು ನಾನು ಕೊಂಡಿದ್ದೇನೆಂದು ನನಗೇ ಗೊತ್ತಿರಲಿಲ್ಲ.

"ಗಿರಿಜಾ, ಮುಂದೆ ಹಂಪು ಬತ್ತಾ ಐತೆ ಅಂತ ಹೇಳು" ಎಂದರು ಅತ್ತೆಯವರು.

ಹಿಂದಿನಿಂದ ಉತ್ತರವಿಲ್ಲ. ಗಿರಿಜಾ ಕಣ್ಣು ಮುಚ್ಚಿ ಮಲಗಿದವಳಂತೆ ಕೂತಿದ್ದಳು. ಅವಳು ಕಾರಿನಲ್ಲಿ ಮಲಗುವವಳಲ್ಲ. ನಾನು ಕನ್ನಡಿಯಲ್ಲಿ ನೋಡಿಯೂ ಸುಮ್ಮನಿದ್ದೆ. ಹಂಪನ್ನು ಹೇಗೋ ದಾಟಿದೆವು. ಅದಾದ ಮೇಲೆ ಒಂದು ತಿರುವು, ತಿರುವಿನಾಚೆ ಸಣ್ಣ ಇಳಿಜಾರು, ಅದರ ಕೊನೆಯಲ್ಲಿ ರಸ್ತೆ ತುಂಬ ಕುರಿಮಂದೆ.

"ಗಿರಿಜಾ, ಕುರಿ... ಗಿರಿಜಾ..." ಅತ್ತೆಯವರ ಎಡಗೈ ಬಾಗಿಲನ್ನು ಹಿಡಿಯಿತು. ಬ್ರೇಕಿನ ಮೇಲೆ ನನ್ನ ಕಾಲು ಅನುಮಾನಿಸುತ್ತಿತ್ತು. ಒದೆಯಲೇ, ಮುಟ್ಟಲೇ?

"ಹಿಡಿ. ಈಗ್ಲೇ ಹಿಡಿ. ಮೆತ್ಗೆ... ಮೆತ್ಗೆ... ಹಾಂ, ಹಂಗೇ... ಈಗ ಬುಡಪ್ಪ ಹಗ್ಗಾನ!"

ಗಾಡಿ ಕುರಿಗಳ ಹಿಂದೆ ಒಂದು ಚೂರೂ ಜಗ್ಗದೆ ಬಂದು, ಅವು ಸರಿದ ಮೇಲೆ ಹಾಗೇ ಮುಂದೆ ಹೋಯಿತು. ಅತ್ತೆಯವರು ನನ್ನೊಡನೆ ನೇರವಾಗಿ ಮಾತಾಡಿದ್ದರು. ಅದೂ ಏಕವಚನದಲ್ಲಿ. ಅವರ ಕೈ ಸೆರಗಿಗೆ ಹೋಯಿತು.

"ಬಿಟ್ಟೆ ಅತ್ತೆ" ಎಂದೆ. ಇಷ್ಟು ವರ್ಷದಲ್ಲಿ ನಾನು ಅವರಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

ಪರದೆಯ ಮೇಲೆ ಹಸಿರು ಬಾಣ ಆಗ ಓಡಿದಷ್ಟು ಉದ್ದಕ್ಕೆ ಎಂದೂ ಓಡಿರಲಿಲ್ಲ. ಅತ್ತೆಯವರು ಅದನ್ನು ಓರೆಗಣ್ಣಿನಲ್ಲಿ ನೋಡಿದರು. "ಆ ಹಸ್ರು ಗೆರೆ ಏನು?" ಎಂದು ಕೇಳಿದರು. ಕೇಳಿದ್ದು ನನ್ನನ್ನೇ. ನಾನು ಹೇಳಿದೆ. "ಓ, ಇಳುಕಲಲ್ಲಿ ಎತ್ತು ದಣಿವಾರಿಸ್ಕೊಂಡಂಗೆ ಅನ್ನಿ" ಎಂದರು. ರೀಜನರೇಟಿವ್ ಬ್ರೇಕಿಂಗ್ ನನಗೆ ಪೂರ್ತಿ ಅರ್ಥವಾಗಿದ್ದು ಆ ಗಳಿಗೆಯಲ್ಲಿ.

ಹುಳಿಯಾರಿನವರೆಗೂ ಅದೇ ಕಥೆ. "ಗುಂಡಿ ಐತೆ, ಬಲಕ್ಕೆ ತಗಳಿ." "ಆ ಬಸ್ಸಿನವನ ಹಿಂದೆ ಅಂಟ್ಕೋಬ್ಯಾಡಿ." "ಈಗ ಬುಡಿ." ಹುಳಿಯಾರಿಗೆ ಮುಂಚೆ ಸಿಗುವ ಕೆಂಕೆರೆಯ ಹತ್ತಿರ ಬರುವ ಹೊತ್ತಿಗೆ ಸೆರಗು ಹಣೆಯಿಂದ ಹೆಗಲಿಗೆ ಇಳಿದಿತ್ತು. ನಿಂಬೆಹಣ್ಣು ಎಲ್ಲಿ ಬಿದ್ದಿತ್ತೋ ಯಾರಿಗೂ ನೆನಪಿರಲಿಲ್ಲ.

ಪುಟ್ಟಮ್ಮ ವಾಕರ್ ಹಿಡಿದು ಜಗಲಿಯಲ್ಲೇ ನಿಂತಿದ್ದರು. ಅಕ್ಕ ತಾನೇ ಬಾಗಿಲು ತೆಗೆದುಕೊಂಡು ಇಳಿದು ಹೋಗಿ ತಂಗಿಯ ಎರಡೂ ಕೆನ್ನೆ ಹಿಡಿದರು. "ನೋಡೇ, ಹಣೆ ಕೆಳಗೂ ಮುಖ ಐತೆ" ಎಂದರು ಅತ್ತೆಯವರು. ಇಬ್ಬರೂ ಅಳುತ್ತ ನಕ್ಕರು. ನಾನು ಡಿಕ್ಕಿಯಲ್ಲಿ ಏನೋ ಹುಡುಕುವವನಂತೆ ಕಣ್ಣೊರೆಸಿಕೊಂಡೆ.

"ದಾರೀಲಿ ವಾಂತಿ ಆಗ್ಲಿಲ್ವೇನಕ್ಕ?" ಎಂದು ಪುಟ್ಟಮ್ಮ ಕೇಳಿದರು.

"ಆಯ್ತು. ಅಳಿಯಂದ್ರು ಹೊಡೆಯೋವಾಗ ಆಯ್ತು. ಆಮೇಲೆ ನಾನು ಹೊಡ್ಕೊಂಡು ಬಂದೆ."

ಈಗ ಅತ್ತೆಯವರು ತಿಂಗಳಿಗೊಮ್ಮೆಯಾದರೂ ಹುಳಿಯಾರಿಗೆ ಹೋಗುತ್ತಾರೆ. ನೇರ ರಸ್ತೆಯಲ್ಲಿ, ಡಿಯಲ್ಲಿ, ಮುಂದಿನ ಸೀಟಿನಲ್ಲಿ. ಮುಂದಿನ ಬೇಸಿಗೆಗೆ ಅಕ್ಕತಂಗಿಯರಿಬ್ಬರೂ ಸೇರಿ ಸಮುದ್ರ ನೋಡಲು ಹೋಗುವ ಯೋಚನೆಯಿದೆಯಂತೆ. ಘಾಟಿ ಇಳಿಯುವಾಗ ಬಿ ಹಾಕಬಹುದೆಂದು ನನಗೆ ಮುಂಗಡ ಅಪ್ಪಣೆಯೂ ಸಿಕ್ಕಿದೆ.

ಆದರೆ ಒಂದು ವಿಷಯವನ್ನು ಯಾವ ಶೋರೂಮಿನವರೂ ನನಗೆ ಮೊದಲೇ ಹೇಳಿರಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷ ಬ್ರೇಕ್ ಹಾಕಿ ತಡೆದಿಟ್ಟ ಮಾತು ಎಲ್ಲೂ ಹಾಳಾಗಿರುವುದಿಲ್ಲ, ಒಳಗೆ ಭರ್ತಿಯಾಗಿ ಕೂತಿರುತ್ತದೆ. ಅತ್ತೆಯವರು ಈಗ ನನ್ನ ಮೊಬೈಲಿಗೇ ಫೋನ್ ಮಾಡುತ್ತಾರೆ. ಅಂಗಡಿ ಬಾಗಿಲು ತಡವಾಗಿ ತೆಗೆಯುವುದು, ಮೆಣಸಿನಕಾಯಿ ಬದಿಗಿಟ್ಟು ಊಟ ಮಾಡುವುದು, ಹತ್ತು ವರ್ಷದ ಹಿಂದೆ ಹಬ್ಬಕ್ಕೆ ಬಂದು ಹೇಳದೆ ಹೊರಟುಹೋದದ್ದು, ಎಲ್ಲವೂ ಒಂದೊಂದಾಗಿ ವಿಚಾರಣೆಗೆ ಬರುತ್ತಿವೆ. ಮೊನ್ನೆ ಭಾನುವಾರ ಮದುವೆಯ ದಿನದ ಸರದಿ.

"ತಾಳಿ ಕಟ್ಟೋವಾಗ ನಿಮ್ಮ ಪೇಟ ಓರೆ ಆಗಿತ್ತು ಅಳಿಯಂದ್ರೆ. ಹೇಳಾನ ಅಂತ ಎಷ್ಟು ಒದ್ದಾಡ್ದೆ. ಕಂಬ ದೂರ ಇತ್ತು."

ಫೋನಿಟ್ಟು ಗೋಡೆಯ ಮೇಲಿದ್ದ ಮದುವೆಯ ಫೋಟೋವನ್ನು ಇಳಿಸಿ ನೋಡಿದೆ. ಪೇಟ ಒಂದು ಕಿವಿಯನ್ನು ಪೂರ್ತಿ ನುಂಗಿತ್ತು. ಇನ್ನೊಂದು ಕಿವಿಯ ಮೇಲೆ ಬರೀ ತಲೆ. ಇಷ್ಟು ವರ್ಷ ಬಂದವರಿಗೆಲ್ಲ ನಾನೇ ಹೆಮ್ಮೆಯಿಂದ ತೋರಿಸುತ್ತಿದ್ದ ಫೋಟೋ ಅದು.

"ಲೇ ಗಿರಿಜಾ, ಇದು ನಿನಗೂ ಗೊತ್ತಿತ್ತಾ?"

ಅವಳು ಕಾರಿನ ಕೀಲಿಯನ್ನು ಬ್ಯಾಗಿಗೆ ಹಾಕಿಕೊಳ್ಳುತ್ತ ಹೇಳಿದಳು. "ಛತ್ರದಲ್ಲಿದ್ದೋರಿಗೆಲ್ಲ ಗೊತ್ತಿತ್ತು ಕಣ್ರೀ. ನೀವು ಯಾರನ್ನಾದ್ರೂ ಕೇಳಿದ್ರೆ ತಾನೇ."